ಕೆಮಿಸ್ಟ್ರಿಯ ಮುಂದೊಂದು ಡಬ್ಲ್ಯು

ಮಹಬೂಲಾ, ಕುವೈತ್
ಸೋಮವಾರ, 27 ಅಕ್ಟೋಬರ್ 2025

ಪ್ರೀತಿಯ ಮಗಳು ಅಕ್ಷಯಾ,

ಹೇಗಿದ್ದೀ? ಶೀತ ಕಡಿಮೆಯಾಯಿತಾ? ಮಲಗುವಾಗ ಕಿವಿ ಮುಚ್ಚುವ ಟೊಪ್ಪಿ ಹಾಕಿಕೋ. ನೋಡಿ ನಗುವುದಕ್ಕೆ ನಿನ್ನ ರೂಮಿನ ಹುಡುಗಿ ಒಬ್ಬಳೇ ಅಲ್ಲವಾ ಇರುವುದು. ನಾವಿಬ್ಬರೂ ಸೌಖ್ಯ. ಪಪ್ಪನಿಗೆ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಯಂತ್ರ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ, ಬೆಳಿಗ್ಗೆ ಐದಕ್ಕೇ ಬಸ್ಸು. ನನ್ನ ವಾಯ್ಸ್ ಮೆಸೇಜನ್ನು ನೀನು ಎರಡು ಪಟ್ಟು ವೇಗದಲ್ಲಿ ಕೇಳುವುದು ನನಗೆ ಗೊತ್ತು. ಕಾಗದಕ್ಕೆ ಆ ಬಟನ್ ಇಲ್ಲ, ಅದಕ್ಕೇ ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ. ಶುಕ್ರವಾರದ ಕನ್ನಡ ಕ್ಲಾಸಿಗೆ ಆರು ವರ್ಷ ನಿನ್ನನ್ನು ಎಳೆದುಕೊಂಡು ಹೋದದ್ದು ಇವತ್ತಾದರೂ ಉಪಯೋಗಕ್ಕೆ ಬರಲಿ.

ನೀನು ಅಮೆರಿಕಕ್ಕೆ ಹೋದ ಮೇಲೆ ನಾನೂ ಕಾಲೇಜಿಗೆ ಸೇರಿದ ಹಾಗಾಗಿದೆ. ರುಮೈಥಿಯಾದ ಹಲ್ಲಿನ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು, ನೀನು ಹೇಳಿದ ಹೊಸ ಹೊಸ ಮಾತುಗಳನ್ನು ಅಪಾಯಿಂಟ್‌ಮೆಂಟ್ ಚೀಟಿಯ ಹಿಂದೆ ಬರೆದಿಟ್ಟುಕೊಂಡು, ಸಂಜೆ ಮೇಲಿನ ಮಹಡಿಯ ಶರ್ಲಿನ್ ಆಂಟಿಯ ಹತ್ತಿರ ಕೇಳುತ್ತೇನೆ. ಅವರ ದೊಡ್ಡ ಮಗಳು ಅಲ್ಲೇ ಓದಿ ಮುಗಿಸಿದವಳು. ಪಾಸಾದ ಪ್ರತಿ ವಿಷಯಕ್ಕೆ ಸಿಗುವ ಕ್ರೆಡಿಟ್ ಎಂದರೇನೆಂದು ಅವರು ವಿವರಿಸಿದಾಗ ನಾನು, “ಕ್ರೆಡಿಟ್ಟು ಒಂದೊಂದೇ ಕೂಡಿಟ್ಟು, ಡಿಗ್ರಿ ಕಟ್ಟುವುದು ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು” ಎಂದೆ. “ರತ್ನಾ, ನಿನಗೆ ಪ್ರಾಸ ಸಿಕ್ಕಿದ ಮೇಲೆಯೇ ಅರ್ಥ ಆಗುವುದಾ ಮಾರಾಯ್ತಿ?” ಅಂತ ನಕ್ಕರು. ಮೇಜರ್ ಎಂದರೆ ಆಳವಾಗಿ ಓದುವ ಮುಖ್ಯ ವಿಷಯ, ಅದನ್ನು ಎರಡನೇ ವರ್ಷ ಆರಿಸಿಕೊಂಡರೂ ಆಗುತ್ತದಂತೆ. ಇಲ್ಲಿ ಪಪ್ಪ ಮಗಳು ಡಾಕ್ಟರಿಕೆ ಓದುತ್ತಿದ್ದಾಳೆ ಅಂತ ಬಸ್ಸಿಗೆಲ್ಲ ಹೇಳಿ ಆಗಿದೆ. ಅಲ್ಲಿ ಮೊದಲು ನಾಲ್ಕು ವರ್ಷ ಬೇರೆ ಡಿಗ್ರಿ, ಮೆಡಿಕಲ್ ಆಮೇಲೆ ಎಂದು ನಾನು ತಿಳಿಸುವಷ್ಟರಲ್ಲಿ ಅರ್ಧ ಬಸ್ಸಿನವರ ಬೆನ್ನುನೋವಿನ ಕೇಸು ನಿನ್ನ ಹೆಸರಿಗೆ ಬುಕ್ಕಾಗಿತ್ತು.

ಪ್ರತಿ ಬುಧವಾರ ಆಫೀಸ್ ಅವರ್ಸ್‌ಗೆ ಹೋಗುತ್ತೇನೆ ಎಂದು ನೀನು ಹೇಳಿದಾಗ ನೀನೇನು ತಪ್ಪು ಮಾಡಿದೆಯೋ ಎಂದು ಹೆದರಿದ್ದೆ. ನಮ್ಮ ಕಾಲೇಜಿನಲ್ಲಿ ತಪ್ಪು ಮಾಡಿದವರನ್ನು ಮಾತ್ರ ಆಫೀಸಿಗೆ ಕರೆಸುತ್ತಿದ್ದರು. ಪ್ರೊಫೆಸರು ಬಾಗಿಲು ತೆರೆದಿಟ್ಟು ಕೂರುವ ಸಮಯ, ಅರ್ಥವಾಗದ್ದನ್ನು ಹೋಗಿ ಕೇಳಬಹುದು ಅಂತ ಶರ್ಲಿನ್ ಆಂಟಿ ಹೇಳಿದ ಮೇಲೆ ಜೀವ ಬಂತು.

ಹೋದ ವಾರ ಇಲ್ಲಿನ ನಮ್ಮ ಸಂಘದ ಪ್ರತಿಭಾ ಪುರಸ್ಕಾರದ ಅರ್ಜಿ ಬಂತು, ಪಪ್ಪ ನಿನ್ನ ಅಂಕಪಟ್ಟಿ ಕೇಳಿದರು, ನೀನು ಫೋನು ಎತ್ತುವುದನ್ನೇ ನಿಲ್ಲಿಸಿದೆ. ನನ್ನ ಮೆಸೇಜಿಗೆಲ್ಲ ಬರೀ ಹೆಬ್ಬೆರಳಿನ ಚಿತ್ರ. ಶನಿವಾರ ನನಗೊಂದು ಮೆಸೇಜು: ಕೆಮಿಸ್ಟ್ರಿಯಲ್ಲಿ ಫೇಲಾಗುತ್ತೇನೆ, ಶುಕ್ರವಾರದ ಒಳಗೆ ವಿದ್‌ಡ್ರಾ ಮಾಡಲಾ, ಪಪ್ಪನಿಗೆ ಹೇಳಬೇಡ.

ಮಗಾ, ಬಿ.ಎ. ಎರಡನೇ ವರ್ಷ ಇಂಗ್ಲಿಷಿನಲ್ಲಿ ನನಗೆ ಬಿದ್ದದ್ದು ನೂರಕ್ಕೆ ಹದಿನೇಳು. ಇದನ್ನು ನಿನಗೆ ಹೇಳಿರಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಊರಿಗೆಲ್ಲ ಕಾಣುವ ಹಾಗೆ ಅಂಟಿಸಿದ್ದರು. ನಾನು ಒಬ್ಬರ ಹತ್ತಿರವೂ ಹೋಗಿ ಕೇಳಲಿಲ್ಲ. ಒಂದು ವರ್ಷ ಇಂಗ್ಲಿಷಿನ ಸರ್ ಎದುರು ಬಂದರೆ ದಾರಿ ಬದಲಿಸಿ ನಡೆದೆ. ನೀನು ಹದಿನೆಂಟಕ್ಕೆ, ಗುರುತಿಲ್ಲದ ಊರಿನಲ್ಲಿ, ಪ್ರೊಫೆಸರರ ಎದುರು ಕೂತು ನನಗೆ ಅರ್ಥವಾಗಲಿಲ್ಲ ಅಂತ ವಾರ ವಾರ ಹೇಳುತ್ತೀ. ಸಂಘದವರ ಹತ್ತಿರ ಇದಕ್ಕೆ ಕೊಡುವ ಶಾಲು ಇಲ್ಲ.

ಶರ್ಲಿನ್ ಆಂಟಿಯ ಹತ್ತಿರ ಕೇಳಿದೆ, ಅಂಕಪಟ್ಟಿಯಲ್ಲಿ ಗುರುತು ಉಳಿಯದ ಹಾಗೆ ಒಂದು ವಿಷಯ ಬಿಡುವ ದಿನ ಕಳೆದಿದೆಯಂತೆ. ಈಗ ಬಿಟ್ಟರೆ ಕೆಮಿಸ್ಟ್ರಿಯ ಮುಂದೆ ವಿದ್‌ಡ್ರಾದ ಡಬ್ಲ್ಯು ಅಂತ ಬೀಳುತ್ತದೆ, ಆದರೆ ಸರಾಸರಿಯನ್ನು ಕೆಳಗೆ ಎಳೆಯುವುದಿಲ್ಲ. ಹದಿನಾರು ಕ್ರೆಡಿಟ್ಟಿನಲ್ಲಿ ನಾಲ್ಕು ಹೋದರೆ ಹನ್ನೆರಡು. ವೀಸಾಕ್ಕೆ ಬೇಕಾದದ್ದೂ ಹನ್ನೆರಡೇ. ಆದರೂ ವಿದೇಶಿ ವಿದ್ಯಾರ್ಥಿಗಳ ಆಫೀಸಿನಲ್ಲಿ ಕೇಳಿಯೇ ಮುಂದುವರಿ. ಬಿಡು ಮಗಾ. ಮುಂದಿನ ವರ್ಷ ಮತ್ತೆ ತೆಗೆದುಕೊಂಡರಾಯಿತು.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ರತ್ನಾವತಿ

ವಿ.ಸೂ.: ಪಪ್ಪನಿಗೆ ಹೇಳಬೇಡ ಅಂತ ನೀನು ಅಂದಿದ್ದೆ, ನಾನು ಹೇಳಿಬಿಟ್ಟೆ. ನಿನ್ನೆ ಊಟಕ್ಕೆ ಕೂತಾಗ. ಮೀನಿನ ಮುಳ್ಳು ತೆಗೆದು ತಟ್ಟೆಯ ಬದಿಗಿಟ್ಟರು. ಆಮೇಲೆ, “ಸೂಪರ್‌ವೈಸರನ ಎದುರು ಗೊತ್ತಿಲ್ಲ ಅನ್ನಲಿಕ್ಕೆ ನನಗೆ ಇಪ್ಪತ್ತು ವರ್ಷ ಬೇಕಾಯ್ತು. ಇವಳು ಎರಡು ತಿಂಗಳಲ್ಲಿ ಕಲಿತಳಲ್ಲ. ಬಿಡಲಿ” ಅಂದರು. ಕೈ ತೊಳೆದು ಬಂದು, “ಅವಳಿಗೆ ಹೆದರಿಕೆ ಕೆಮಿಸ್ಟ್ರಿಯದ್ದಾ, ನನ್ನದಾ?” ಎಂದು ಕೇಳಿದರು. ಸಂಜೆ ಐದಕ್ಕೆ ಬಸ್ಸಿಳಿಯುತ್ತಾರೆ, ಆಗ ನಿನಗೆ ಬೆಳಿಗ್ಗೆ ಹತ್ತು. ನನಗಲ್ಲ, ಅವರಿಗೆ ಫೋನ್ ಮಾಡು.