ಹನ್ನೊಂದು ದಿನದ ಉಪ್ಪು

ಅಳಿವೆ ಕೇಂದ್ರ,
ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಅಳಿಯಂದಿರು, ಪಾಪು ಹೇಗಿದ್ದಾರೆ? ನೀನು ಕಳಿಸಿದ ಫೋಟೋ ನೋಡಿದೆ. ಅವಳ ಮುಂದಿನ ಎರಡು ಹಲ್ಲು ಥೇಟ್ ನಿನ್ನವೇ, ಅಳಿಲಿನ ಹಲ್ಲು. ಉತ್ತರ ಬರೆಯಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದೆ. ತಿಂಗಳಿಗೊಮ್ಮೆ ಫೋನಿನಲ್ಲಿ ‘ಊಟ ಆಯ್ತಾ’, ‘ಆಯ್ತು’ ಎಂದು ಮುಗಿಸುವವರು ನಾವು. ಇದನ್ನು ಫೋನಿನಲ್ಲಿ ಹೇಳಲು ನನ್ನಿಂದಾಗದು.

ಈಗಲೂ ಕೂತಲ್ಲಿ ಕೂರಲಾಗುತ್ತಿಲ್ಲ. ಒಂದು ಸಾಲು ಬರೆಯುತ್ತೇನೆ, ಎದ್ದು ಕಿಟಕಿಗೆ ಹೋಗುತ್ತೇನೆ, ಮರಳ ದಿಬ್ಬ ಅಲ್ಲೇ ಇದೆಯಾ ಎಂದು ನೋಡಿ ಬರುತ್ತೇನೆ. ಎಲ್ಲಿಗೆ ಹೋಗುತ್ತದೆ ಅದು? ‘ಅಕ್ಕಾ, ಕಾಲಿಗೇನಾದ್ರೂ ಚಕ್ರ ಕಟ್ಕೊಂಡಿದೀರಾ?’ ಎಂದು ನಮ್ಮ ದೋಣಿಯವನು ಬಾಗಿಲಲ್ಲಿ ಇಣುಕಿ ಕೇಳಿ ಹೋದ.

ವಿಷಯ ಇದು. ನದಿ ಸಮುದ್ರ ಸೇರುವ ಬಾಯಿ ಈ ವರ್ಷ ಮರಳು ತುಂಬಿ ಕಿರಿದಾಗಿದೆ. ಹೊಸತೇನಲ್ಲ. ಬೇಸಿಗೆಯಲ್ಲಿ ಕಿರಿದಾಗುತ್ತದೆ, ಮಳೆ ಬಂದರೆ ತಾನೇ ಅಗಲವಾಗುತ್ತದೆ. ಆದರೆ ಹೊಸ ನಿರ್ದೇಶಕರಿಗೆ ಪೂರ್ತಿ ಮುಚ್ಚಿಹೋದರೆ ಎಂಬ ಹೆದರಿಕೆ. ಸೋಮವಾರ ಯಂತ್ರ ತರಿಸಿ, ದಿಬ್ಬದ ನಡುವೆ ಕಾಲುವೆ ತೋಡಿಸುತ್ತಾರಂತೆ. ದಿಬ್ಬದ ಮೇಲೆ ಈಗ ಕಡಲಹಕ್ಕಿಗಳ ಮುನ್ನೂರಕ್ಕೂ ಹೆಚ್ಚು ಗೂಡುಗಳಿವೆ. ಗೂಡು ಅಂದರೆ ಕಡ್ಡಿ ಹುಲ್ಲು ಏನಿಲ್ಲ, ಬರೀ ಮರಳಿನಲ್ಲಿ ಒಂದು ಗುಳಿ, ಅದರಲ್ಲಿ ಮರಳಿನದೇ ಬಣ್ಣದ ಎರಡು ಮೊಟ್ಟೆ. ಚಿಕ್ಕವಳಿದ್ದಾಗ ನಿನ್ನ ಕೈ ಹಿಡಿದು ಅಲ್ಲಿ ಕಾಲ್ಬೆರಳ ತುದಿಯಲ್ಲಿ ನಡೆಸುತ್ತಿದ್ದೆ, ನೆನಪಿದೆಯಾ?

ಬಾಯಿ ಮುಚ್ಚುತ್ತದೆ ಎನ್ನಲು ಅವರಿಗೆ ಸಿಕ್ಕಿರುವ ಆಧಾರ ನನ್ನ ಪುಸ್ತಕ. ಇಪ್ಪತ್ತಾರು ವರ್ಷ, ದಿನಕ್ಕೆರಡು ಸಲ, ಅಳತೆಯ ಕಂಬದ ಹತ್ತಿರ ದೋಣಿ ನಿಲ್ಲಿಸಿ, ನೀರು ಮೊಗೆದು, ಉಪ್ಪು ಎಷ್ಟಿದೆ ಎಂದು ನೋಡಿ ಬರೆದ ಪುಸ್ತಕ. ಇಲ್ಲಿ ಸಂಶೋಧನೆಗೆ ಬಂದಿರುವ ಹುಡುಗಿ ಒಬ್ಬಳಿದ್ದಾಳೆ, ನಾವು ‘ಉಪ್ಪಿನ ಹುಡುಗಿ’ ಅನ್ನುತ್ತೇವೆ. ಅವಳು ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದಳು. ಹೋದ ತಿಂಗಳು ಓಡೋಡಿ ಬಂದಳು. ‘ಮೇಡಂ, ಆರು ವರ್ಷದ ಹಿಂದೆ ಹನ್ನೊಂದು ದಿನ ಉಪ್ಪು ಏರಿಯೂ ಇಲ್ಲ, ಇಳಿದೂ ಇಲ್ಲ! ಗೆರೆ ಎಳೆದ ಹಾಗಿದೆ. ಸಮುದ್ರದ ನೀರು ಒಳಗೇ ಬಂದಿಲ್ಲ ಅಂದ್ರೆ ಬಾಯಿ ಮುಚ್ಚಿತ್ತು ಅಂತ ಅಲ್ವಾ?’

ನಾನು ‘ನೋಡ್ಬೇಕಮ್ಮ’ ಅಂದೆ. ಅಷ್ಟೇ ಅಂದದ್ದು. ಅವಳು ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆದಳು. ನಿರ್ದೇಶಕರು ಅದನ್ನೇ ಹಿಡಿದುಕೊಂಡರು. ‘ಬಾಯಿ ಮುಚ್ಚಿದ್ದು ನಂಗಂತೂ ನೆನಪಿಲ್ಲಪ್ಪ’ ಎಂದ ದೋಣಿಯವನಿಗೆ ಅವರು ಹೇಳಿದರು, ‘ನೆನಪು ಬೇರೆ, ದಾಖಲೆ ಬೇರೆ.’

ಪುಟ್ಟೀ, ಬಾಯಿ ಮುಚ್ಚಿರಲಿಲ್ಲ. ಆ ಹನ್ನೊಂದು ದಿನ ನಾನು ಇಲ್ಲಿ ಇರಲೇ ಇಲ್ಲ. ವಾಪಸು ಬಂದು, ಒಂದೇ ಪೆನ್ನಿನಲ್ಲಿ, ಊಹಿಸಿ ತುಂಬಿದೆ. ಯಾವ ನದಿಯೂ ಅಷ್ಟು ಸಾಧುವಾಗಿ ಇರುವುದಿಲ್ಲ ಎಂದು ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಆಗ ಬುದ್ಧಿ ನೆಟ್ಟಗಿರಲಿಲ್ಲ.

ಶನಿವಾರ ಶಾಲೆಯ ಮಕ್ಕಳು ಬಂದಿದ್ದರು. ಎಂದಿನಂತೆ ಗೋಡೆಯ ಮೇಲಿನ ಸಾಲು ಓದಿಸಿದೆ, ನಾನೇ ಬಣ್ಣದಲ್ಲಿ ಬರೆದದ್ದು: ‘ನೋಡದ ದಿನ ಖಾಲಿ ಬಿಡಿ. ಊಹಿಸಿ ತುಂಬಬೇಡಿ.’ ಎರಡು ಜಡೆಯ ಒಬ್ಬಳು ಪುಸ್ತಕದ ಹಾಳೆ ತಿರುವಿ ತಿರುವಿ ಕೇಳಿದಳು: ‘ಟೀಚರ್, ಇದ್ರಲ್ಲಿ ಖಾಲಿನೇ ಇಲ್ವಲ್ಲ. ನೀವು ಒಂದಿನಾನೂ ರಜಾ ಹಾಕಿಲ್ವಾ?’ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಿನ್ನ ಮಾತೂ ನೆನಪಾಯಿತು. ನಿನ್ನ ಮೊದಲನೇ ಮಗು ಉಳಿಯದೆ, ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಮ್ಮ ಬರಲಿಲ್ಲ ಎಂದು ಆಮೇಲೆ ಫೋನಿನಲ್ಲಿ ಅಂದದ್ದು: ‘ನಂಗೋಸ್ಕರ ಆ ಪುಸ್ತಕದಲ್ಲಿ ಒಂದಿನ ಖಾಲಿ ಬಿಡೋಕಾಗ್ಲಿಲ್ವಾ ಅಮ್ಮಾ?’

ಮಧ್ಯಾಹ್ನ ಸಭೆ ಇದೆ. ಬಾಯಿಬಿಟ್ಟರೆ ಇಪ್ಪತ್ತಾರು ವರ್ಷದ ಕೆಲಸ ನೀರಿನಲ್ಲಿ ಹೋಮ. ಬಿಡದಿದ್ದರೆ ಸೋಮವಾರ ಯಂತ್ರ. ಬಿಸಿತುಪ್ಪ ಬಾಯಲ್ಲಿದೆ, ಉಗುಳಲೂ ಆಗದು, ನುಂಗಲೂ ಆಗದು. ಇಷ್ಟಕ್ಕೆ ನಿಲ್ಲಿಸುತ್ತೇನೆ.

ಅದೇ ದಿನ, ಸಂಜೆ

ಹೇಳಿಬಿಟ್ಟೆ. ನಿಂತುಕೊಂಡೇ ಹೇಳಿದೆ, ಕೂತಿದ್ದರೆ ಧೈರ್ಯ ಬರುತ್ತಿರಲಿಲ್ಲ.

ನಿರ್ದೇಶಕರು, ‘ಹನ್ನೊಂದು ದಿನ ಸುಳ್ಳಾದ್ರೆ ಉಳಿದದ್ದನ್ನ ಹೇಗಮ್ಮಾ ನಂಬೋದು?’ ಎಂದರು. ನ್ಯಾಯವಾದ ಮಾತೇ. ಬಾಗಿಲ ಹತ್ತಿರ ನಿಂತಿದ್ದ ದೋಣಿಯವನು ಯಾರೂ ಕೇಳದಿದ್ದರೂ ಹೇಳಿದ: ‘ಉಳಿದದ್ದು ನಿಜ ಸಾರ್. ದೋಣಿ ನಡೆಸಿದೋನು ನಾನು. ಜ್ವರ ಬಂದಾಗ್ಲೂ ಬಿಟ್ಟಿಲ್ಲ. ಜ್ವರ ಅವರಿಗಲ್ಲ, ನಂಗೆ.’ ಒಬ್ಬಿಬ್ಬರು ನಕ್ಕರು. ಉಪ್ಪಿನ ಹುಡುಗಿ ನಗಲಿಲ್ಲ.

‘ಎಲ್ಲಿಗೆ ಹೋಗಿದ್ರಿ?’ ಎಂದು ಕೇಳಿದರು. ‘ಸ್ವಂತ ಕೆಲಸ’ ಎಂದೆ. ಎರಡನೇ ಸಲ ಕೇಳಿದರು. ಅದನ್ನೇ ಹೇಳಿದೆ.

ಯಂತ್ರ ಬರುವುದು ನಿಂತಿತು. ಮೊಟ್ಟೆ ಒಡೆದು ಮರಿ ಹಾರುವ ತನಕ ದಿಬ್ಬವನ್ನು ಯಾರೂ ಮುಟ್ಟುವಂತಿಲ್ಲ. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡರು. ನಾಳೆಯಿಂದ ಬರೆಯುವವಳು ಉಪ್ಪಿನ ಹುಡುಗಿ. ಕಪಾಟಿನ ಕೀಲಿ ಕೊಡಲು ಹೋದರೆ ಅವಳ ಕಣ್ಣು ಕೆಂಪಾಗಿತ್ತು. ‘ನಾನು ನಿಮ್ಮನ್ನ ಕೇಳಿದ್ದೆ ಮೇಡಂ. ಕೇಳಿದ್ದೆ. ಖಾಲಿ ಬಿಟ್ಟಿದ್ರೆ ಸಾಕಿತ್ತಲ್ವಾ?’ ಎಂದಳು. ಕೀಲಿಯನ್ನು ಅವಳ ಮೇಜಿನ ಮೇಲಿಟ್ಟು ಬಂದೆ. ಮಾಡಿದ್ದುಣ್ಣೋ ಮಹರಾಯ, ಅಷ್ಟೇ.

ಹಕ್ಕಿಗಳು ಈಗ ದಿಬ್ಬದ ಮೇಲೆ ಒಂದೇ ಸಮ ಗಲಾಟೆ ಮಾಡುತ್ತಿವೆ. ಸಂಜೆಯ ಅಳತೆಯ ಹೊತ್ತಾಯಿತು ಎಂದು ಕಾಲು ತಾನಾಗಿ ಎದ್ದಿತು. ಎದ್ದವಳು ಎಲ್ಲಿಗೆ ಹೋಗಲಿ ಎಂದು ತಿಳಿಯದೆ ಮತ್ತೆ ಕೂತೆ.

ಪಾಪುವಿನ ಕೆನ್ನೆಗೆ ಅಜ್ಜಿಯದೊಂದು ಮುತ್ತು ಕೊಡು. ಅಳಿಲುಹಲ್ಲಿನವಳು ಗಟ್ಟಿಯಾಗಿ ಬೆಳೆಯಲಿ, ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ.

ಇಂತಿ,
ನಿನ್ನ ಅಮ್ಮ

ಮ.ವಿ.: ಮರೆತಿದ್ದೆ ಎಂದು ಬರೆಯಲಾರೆ, ಮರೆತಿಲ್ಲ. ಆ ಹನ್ನೊಂದು ದಿನ ನಾನು ಇದ್ದದ್ದು ನಿನ್ನ ವಾರ್ಡಿನ ಹೊರಗಿನ ಬೆಂಚಿನ ಮೇಲೆ. ಫೋನು ಬಂದ ದಿನವೇ ಹೊರಡಲಿಲ್ಲ, ಹುಣ್ಣಿಮೆಯ ಉಬ್ಬರ ಅಳೆದು ಮುಗಿಯಲಿ ಎಂದು ಎರಡು ದಿನ ಕಾದೆ. ಆ ತಪ್ಪು ನನ್ನದೇ. ನಾನು ಬಂದಾಗ ಬಾಗಿಲು ಅರ್ಧ ತೆರೆದಿತ್ತು. ‘ಅಮ್ಮ ಈಗ ಬಂದ್ರೂ ಒಳಗೆ ಬಿಡ್ಬೇಡಿ, ನಂಗೆ ಅವಳ ಮುಖ ನೋಡೋಕಾಗಲ್ಲ’ ಎಂದು ನೀನು ಅಳಿಯಂದಿರಿಗೆ ಹೇಳುತ್ತಿದ್ದೆ. ಒಳಗೆ ಬರಲೂ ಆಗಲಿಲ್ಲ, ಬಿಟ್ಟು ಹೋಗಲೂ ಆಗಲಿಲ್ಲ. ನಿನಗೆ ಹೇಳುವುದಿಲ್ಲ ಎಂದು ಅಳಿಯಂದಿರಿಂದ ಮಾತು ತೆಗೆದುಕೊಂಡೆ, ಅವರ ಮೇಲೆ ಸಿಟ್ಟಾಗಬೇಡ. ನೀನು ಮನೆಗೆ ಹೊರಟ ದಿನ ಕಂಬದ ಮರೆಯಲ್ಲಿ ನಿಂತು ನೋಡಿದೆ. ಹಸಿರು ಶಾಲು ಹೊದ್ದು ನಿಧಾನ ಮೆಟ್ಟಿಲಿಳಿದೆ ನೀನು. ಇಲ್ಲಿ ಬಂದು ಪುಸ್ತಕ ತೆರೆದಾಗ, ಈ ಖಾಲಿ ಯಾಕೆ ಎಂದು ಯಾರಾದರೂ ಕೇಳಿದರೆ ಮಗಳು ನನ್ನ ಮುಖ ನೋಡಲಿಲ್ಲ ಎಂದು ಹೇಳಬೇಕಾಗುತ್ತದಲ್ಲ ಎನ್ನಿಸಿತು. ಅದಕ್ಕೇ ತುಂಬಿದೆ. ಬಿಟ್ಟಿದ್ದೆ ಪುಟ್ಟೀ, ನಿನಗೋಸ್ಕರ ಹನ್ನೊಂದು ದಿನ ಖಾಲಿ ಬಿಟ್ಟಿದ್ದೆ.