ಅರ್ಧ ಎಲೆಯ ಸುಣ್ಣ

ನವೆಂಬರ್ 3, ಸೋಮವಾರ

ಮತ್ತೆ ರೊಟ್ಟಿ ಹರಿಯಿತು. ಅತ್ತಿ (ಇಲ್ಲಿ ಅತ್ತೆಗೆ ಹೀಗೇ ಅನ್ನುವುದು) ನಕ್ಕರು, ಬೈಯಲಿಲ್ಲ. ಆಮೇಲೆ ರೋಹನನ ಬೈಕಿನ ಹಿಂದೆ, ಬೆಟಗೇರಿಯ ಹಳೇ ಹತ್ತಿ ಜಿನ್ನಿಗೆ. (ರೋಹನ ಅಂತ ಇಲ್ಲಿ ಮಾತ್ರ. ಅತ್ತಿ ಮುಂದೆ ‘ಇವರು’. ಮದುವೆಯಾಗಿ ನಲವತ್ತೊಂದು ದಿನ, ಇನ್ನೂ ನಗು ಬರುತ್ತದೆ.) ಅವನು ಅಲ್ಲಿ ಸೈಟ್ ಸೂಪರ್‌ವೈಸರ್. ಹತ್ತಿಯಿಂದ ಬೀಜ ಬಿಡಿಸುತ್ತಿದ್ದ ಹಾಲ್ ಇನ್ನು ಮೇಲೆ ನಾಟಕದ ಹಾಲ್. ಗೋಡೌನ್ ಲೈಬ್ರರಿ. ಐ ಲವ್ ಇಟ್. ಯಾವುದು ಏನು ಅಂತ ತಿಳಿಸುವ ಬೋರ್ಡುಗಳನ್ನು ಬರೆಯುವವಳು ನಾನು — ಇಂಗ್ಲಿಷಿನಲ್ಲೂ, ಕನ್ನಡದಲ್ಲೂ. ನನ್ನ ಕಾನ್ವೆಂಟ್ ಕನ್ನಡಕ್ಕೆ ತುಕ್ಕು. ಅದಕ್ಕೇ ಈ ಡೈರಿ.

ಇವತ್ತು ಹಾಲಿನ ಬಾಗಿಲ ಗೋಡೆ ತುಂಬ ಬೆರಳುದ್ದದ ಬಿಳಿ ಗೆರೆಗಳು ಸಿಕ್ಕವು. ನೂರಾರು. ಆರ್ಕಿಟೆಕ್ಟ್ ಕಾವೇರಿ ಮೇಡಂ ಏನಿದು ಅಂದರು. “ಕೆಲಸದ ಹೆಂಗಸರು ಬಿಡಿಸಿದ ಚಿತ್ತಾರ” ಅಂದೆ. ಯಾಕೆ ಅಂದೆನೋ… ಅಷ್ಟು ಚೆಂದ ಇತ್ತು. ಮೇಡಂ ಖುಷ್. ಆ ಗೋಡೆಗೆ ಮಾತ್ರ ಬಣ್ಣ ಬೇಡ ಅಂದರು.

ನವೆಂಬರ್ 4

ಬೋರ್ಡು ಬರೆದು ಅತ್ತಿಗೆ ಓದಿ ಹೇಳಿದೆ. ಅವರು ನಕ್ಕ ನಗೆಗೆ ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

“ಚಿತ್ತಾರ ಅಲ್ಲ ನನ್ನವ್ವ, ಅದು ಸುಣ್ಣ. ಎಲಿಗೆ ಹಚ್ಚಿ ಬೆರಳಿಗೆ ಉಳದದ್ದು ಗ್ವಾಡಿಗೆ ಒರಸ್ತಿದ್ವಿ. ಸೀರಿಗೆ ಒರಸಿದ್ರ ಹತ್ತಿಗೆ ಹತ್ತತೈತಿ ಅಂತ ಕೆಲಸ ಮಾಡ್ಸೋ ಮುಕಾದಮ ಬೈತಿದ್ದ.”

“ನೀವು ಅಲ್ಲಿ ಇದ್ರಾ?”

“ನಮ್ಮ ಮನಿ ಮಗ್ಗ ನಿಂತ ಮ್ಯಾಲೆ ಕೂಲಿಗೆ ಹೋದೆ. ಹನ್ನೊಂದು ವರ್ಷ.”

ರೋಹನ ನನಗೆ ಹೇಳೇ ಇಲ್ಲ. ಕೇಳಿದರೆ — “ನೀ ಯಾವಾಗ ಕೇಳಿದಿ? ಈಗ ಸುಮ್ಕ ಇರ. ಎಲಿ ಸುಣ್ಣ ಅಂದ್ರ ಹೊಲಸು ಅಂತ ಬಣ್ಣ ಬಳದ ಬಿಡ್ತಾರ.”

ಸುಮ್ಮನಿದ್ದೇನೆ.

ನವೆಂಬರ್ 8

ಮೂರು ದಿನ ಬರೆಯಲಿಲ್ಲ. ಸುಳ್ಳು ಬರೆದ ಬೋರ್ಡು ಇನ್ನೂ ಲ್ಯಾಪ್‌ಟಾಪಿನಲ್ಲಿದೆ.

ಅತ್ತಿ ಬೆಳ್ಳುಳ್ಳಿ ಸುಲಿಯುತ್ತ, ನನ್ನ ಕಡೆ ನೋಡದೆ — “ಆ ಗ್ವಾಡಿ ಐತೇನ ಇನ್ನೂ?”

ಬರ್ತೀರಾ ಅಂದೆ. “ನಂದೇನ ಕೆಲಸ ಅಲ್ಲಿ.” ಇನ್ನೊಂದು ಬೆಳ್ಳುಳ್ಳಿ ಸುಲಿದು ತಾವೇ — “ಮೋತಿಬಿದು ಎಡಗೈ. ಆಕಿ ಗೆರಿ ಉಲ್ಟಾ ವಾಲತಿದ್ವು.”

ಮೋತಿಬಿ ಜಿನ್ನಿನಲ್ಲಿ ಅತ್ತಿಯ ಜೊತೆಗಾತಿ. ಹೋದ ವರ್ಷ ತೀರಿಕೊಂಡರು. ಒಂದೇ ಎಲೆ ಹರಿದು ಇಬ್ಬರೂ ತಿನ್ನುತ್ತಿದ್ದರಂತೆ. ನೀವು ಎಲೆ ತಿಂದದ್ದು ನಾನು ನೋಡೇ ಇಲ್ಲವಲ್ಲ ಅಂದೆ.

“ಒಬ್ಬಾಕಿಗೆ ಒಂದ ಎಲಿ ಹೆಚ್ಚಾಕ್ಕೈತಿ.”

ನವೆಂಬರ್ 10

ಮೇಡಂಗೆ ಹೇಳಿಬಿಟ್ಟೆ. ಎಲ್ಲ. ಅವರು ಗೋಡೆ ನೋಡಿದರು, ನನ್ನನ್ನೂ. “ಅಂದರೆ ಕಲೆಯಲ್ಲ, ಕೊಳೆ.” ನಾಳೆ ಒಂಬತ್ತಕ್ಕೆ ಪೇಂಟರ್. ಅದಕ್ಕೂ ಮೊದಲು ಅತ್ತೆಯನ್ನು ಕರೆದುಕೊಂಡು ಬನ್ನಿ, ನೋಡೋಣ ಅಂದರು.

ಸುಮ್ಕ ಇರ ಅಂದಿದ್ನಲ್ಲ ಅಂತ ರೋಹನ ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ ಉಂಡ. ನಮ್ಮ ಮೊದಲ ಜಗಳ. ಅದೂ ಗೋಡೆಗಾಗಿ.

ನವೆಂಬರ್ 11, ಮಧ್ಯಾಹ್ನ

ಎಂಟಕ್ಕೇ ಆಟೋದಲ್ಲಿ ಹೋದೆವು. ಅತ್ತಿ ಇಳಕಲ್ ಸೀರೆ ಉಟ್ಟಿದ್ದರು. ಪೇಂಟರ್ ಇನ್ನೂ ಬೇಗ ಬಂದಿದ್ದ — ಬಾಗಿಲ ಎಡಗಡೆ ಬೆಳ್ಳಗಾಗಿತ್ತು. ನನಗೆ ಅಳು. ಅತ್ತಿ, “ಸುಣ್ಣದ ಮ್ಯಾಲೆ ಸುಣ್ಣ, ಬಿಡ. ನಾವು ಕುಂಡ್ರತಿದ್ದದ್ದು ಈ ಕಡೆ.”

ಬಲಗಡೆ ನೆಲಕ್ಕೆ ಕೂತರು. ಕೂತರೆ ಕೈ ಎಟಕುವ ಎತ್ತರಕ್ಕೆ ಗೆರೆಗಳು ಜೋಡಿ ಜೋಡಿ. ಒಂದು ಬಲಕ್ಕೆ ವಾಲಿದ್ದು, ಪಕ್ಕದ್ದು ಎಡಕ್ಕೆ.

“ಇದು ನಂದು. ಇದು ಆಕಿದು. ನಂದು. ಆಕಿದು…”

ಕಾವೇರಿ ಮೇಡಂ ಕನ್ನಡಕ ತೆಗೆದು ಅತ್ತಿಯ ಪಕ್ಕ ಕೂತರು. ಒಂದು ಜೋಡಿಯ ಮೇಲೆ ಬೆರಳಿಟ್ಟು ನೋಡಿ ಪೇಂಟರ್‌ಗೆ, “ಈ ಕಡೆ ಬಿಡಿ.” ನನಗೆ, “ಬೋರ್ಡು ಮತ್ತೆ ಬರೀರಿ.” ರೋಹನ ಪೇಂಟಿನ ಬಕೆಟ್ ತಾನೇ ಎತ್ತಿ ಹೊರಗಿಟ್ಟ.

ನವೆಂಬರ್ 12

‘ಇದು ಎಲೆಗೆ ಹಚ್ಚಿ ಉಳಿದ ಸುಣ್ಣ. ಬಲಕ್ಕೆ ವಾಲಿದ್ದು ಅನ್ನವ್ವ. ಎಡಕ್ಕೆ ವಾಲಿದ್ದು ಮೋತಿಬಿ.’ ಅತ್ತಿಯ ಹೆಸರು ಬರೆದದ್ದು ಇದೇ ಮೊದಲು. ಇಷ್ಟೇ ಸಾಕೇ… ಅತ್ತಿಯನ್ನು ಕೇಳಬೇಕು.

ಅವರೇ ಬಂದರು. ಸಂತೆಯಿಂದ ಎಲೆ ತಂದಿದ್ದಾರೆ. ಒಂದನ್ನು ಹರಿದು ಅರ್ಧ ನನ್ನ ಮುಂದೆ ಹಿಡಿದಿದ್ದಾರೆ. ನಾನು ಯಾವತ್ತೂ ತಿಂದವಳಲ್ಲ, ಸುಣ್ಣ ಎಷ್ಟು ಹಚ್ಚಬೇಕೋ—