ಮರೆಮ್ಮನ ಸುರಗಿ ಹಾಡು

ಸೇಡಂ. ಫೆಬ್ರವರಿ ೧೨, ಗುರುವಾರ.

ಇಂಟರ್ನೆಟ್ ತಂತಿ ಕಡಿದಿದೆ ಎಂದು ಮದುವೆಮನೆಯ ಹಿರಿಯರಾದ ಗುರುಲಿಂಗಯ್ಯನವರು ಬೀಗರ ಮುಂದೆ ಹೇಳಿದ್ದು ಸರಿಯಲ್ಲ. ತಂತಿ ಕಡಿದಿರಲಿಲ್ಲ. ಜನರು ತಮ್ಮ ತಮ್ಮ ಕಂಪ್ಯೂಟರುಗಳಿಂದ ನೇರವಾಗಿ ಕಡತ ಹಂಚಿಕೊಳ್ಳುವ ದಾರಿಯನ್ನಷ್ಟೇ ಇಂಟರ್ನೆಟ್ ಕಂಪನಿಯವರು ಬಿಗಿಹಿಡಿದಿದ್ದರು.

ತೀರಿಹೋದ ಮರೆಮ್ಮನ ದನಿಯಲ್ಲಿ ನಾನು ಮುದ್ರಿಸಿಕೊಂಡಿದ್ದ ಸುರಗಿ ಹಾಡು ನನ್ನ ಕಂಪ್ಯೂಟರಿನಲ್ಲಿ ಅಳಿಸಿಹೋಗಿದೆ. ವಾಡಿ, ಶಹಾಬಾದಿನ ನನ್ನ ಹಳೆಯ ವಿದ್ಯಾರ್ಥಿನಿಯರ ಕಂಪ್ಯೂಟರುಗಳಿಂದ ತುಣುಕು ತುಣುಕಾಗಿ ಬರಬೇಕಿತ್ತು. ಮದುಮಗಳಾದ ತನ್ನ ಮಗಳಿಗೆ ಮದುವೆ ಶಾಸ್ತ್ರದ ಸುರಗಿ ನೀರು ಹಾಕಿ ಮೀಯಿಸುವಾಗ ಅಜ್ಜಿಯ ದನಿ ಕೇಳಿಸಬೇಕೆಂಬುದು ಮರೆಮ್ಮನ ಮಗಳು ಭಾಗ್ಯಜ್ಯೋತಿಯ ಆಸೆ.

ಕಂಪನಿಯ ಸಂತೋಷಕುಮಾರನಿಗೆ ಫೋನ್ ಮಾಡಿದೆ.

"ಟೀಚರ್, ಆ ದಾರೀಲೆ ಮಂದಿ ಸಿನಿಮಾ ಕದಿಯಾಕತ್ತಾರ್ರಿ. ಅದಕ್ಕ ಮ್ಯಾಲಿನವರು ಬಿಗಿ ಮಾಡ್ಯಾರ."

"ಮರೆಮ್ಮ ಯಾವ ಸಿನಿಮಾದಲ್ಲಿ ಹಾಡಿದ್ದಾಳಪ್ಪಾ?"

ಅವನು ನಕ್ಕ, ದಾರಿ ತೆರೆಯಲಿಲ್ಲ.

"ನೀರು ಆರಾಕತ್ತಾವ, ಇನ್ನೆಷ್ಟೊತ್ತು ಆ ಡಬ್ಬಿ ಮುಂದ ಕುಂದರ್ತೀರಿ?" ಎಂದು, ಸುರಗಿಗೆ ಕೂಡಿದ್ದ ಹೆಂಗಸರಲ್ಲಿ ಹಿರಿಯಳಾದ ವಿಮಲಾಬಾಯಿ ತಾನೇ ಮೊದಲ ನುಡಿ ಎತ್ತಿದಳು. ಬಸವೇಶ್ವರಿಗೆ ಮುಂದಿನದು ನೆನಪಿತ್ತು. ಒಬ್ಬೊಬ್ಬರಲ್ಲಿ ಉಳಿದದ್ದು ಹೀಗೆ ಕೂಡುತ್ತ ಹೋಯಿತು. ಕೊನೆಯ ನುಡಿ ಮಾತ್ರ ಯಾರಿಗೂ ಬರಲಿಲ್ಲ. ಭಾಗ್ಯಜ್ಯೋತಿ ನನ್ನ ಕಡೆ ತಿರುಗಿ ನೋಡಿದಳು. ಆ ಮುಖ ಕಣ್ಣಿನಿಂದ ಸರಿಯುತ್ತಿಲ್ಲ. ಕಂಪ್ಯೂಟರನ್ನು ಆರಿಸದೆ ಬಿಟ್ಟಿದ್ದೇನೆ. ಹಾಡು ಬಂತೇ ಎಂದು ಮತ್ತೆ ಮತ್ತೆ ಎದ್ದು ನೋಡುತ್ತಿದ್ದೇನೆ.

ಸುರಗಿಯ ಬಳಿ ಇದ್ದವರು: ವಿಮಲಾಬಾಯಿ, ಬಸವೇಶ್ವರಿ, ಚಿಮ್ಮನಚೋಡದ ಅಂಬವ್ವ, ಭಾಗ್ಯಜ್ಯೋತಿ, ನಾನು. ಜೊತೆಗೆ ಮರೆಮ್ಮ, ಒಂದು ನುಡಿ ಕಡಿಮೆ.